ಆ ಮನೆಯ ಆಟಗಳು

ಜುಲೈ ಹನ್ನೊಂದು, ಮಂಗಳವಾರ
ಮಧ್ಯಾಹ್ನ

ಇವಳೇ,

ಮಳೆಯ ದಿನ ಮಕ್ಕಳಿಗೆ ಬೇಕಾಗುವುದು ಆಟದ ಸಾಮಾನಲ್ಲ, ಅವರ ಜೊತೆ ನೆಲದ ಮೇಲೆ ಕೂರುವ ಒಬ್ಬ ದೊಡ್ಡ ಮನುಷ್ಯ ಅಂತ ಏನೋ ಒಂದು ಮಾತು ಬರೆದಿದ್ದೆಯಲ್ಲ, ಅದು ನಿನ್ನದೇ ಮಾತೋ, ನೀನು ಕೆಲಸಕ್ಕಿರುವ ಆ ಮನೆಯೊಡತಿ ಹೇಳಿದ್ದನ್ನು ಬರೆದದ್ದೋ, ಈಗ ಸರಿಯಾಗಿ ನೆನಪಾಗುತ್ತಿಲ್ಲ. ಹುಡುಕಿ ನೋಡೋಣವೆಂದರೆ ನಿನ್ನ ಕಾಗದಗಳ ಡಬ್ಬಿ ಸದ್ಯ ದೊಡ್ಡವಳ ವಶದಲ್ಲಿದೆ. ಯಾಕೆಂದು ಮುಂದೆ ಬರೆಯುತ್ತೇನೆ. ಅಂತೂ ಆ ಮಾತಿನ ಪ್ರಕಾರ ಒಂಬತ್ತು ದಿನದಿಂದ ನೆಲದ ಮೇಲೆ ಕೂತಿದ್ದೇನೆ. ಸೊಂಟ ಹಿಡಿದುಕೊಂಡಿದೆ.

ನಿನ್ನ ಮೂರು ಕಾಗದಕ್ಕೆ ಇದೊಂದೇ ಉತ್ತರ. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಕೆಲಸವಿತ್ತು ಎಂದರೆ ಪೂರ್ತಿ ಸುಳ್ಳಲ್ಲ. ನಾವೆಲ್ಲ ಚೆನ್ನಾಗಿದ್ದೇವೆ. ಚಿಕ್ಕವನ ಕೆಮ್ಮು ಹೋಯಿತು. ದೊಡ್ಡವಳು ನೀನು ಕೇಳಿದ ಮೇಲೆ ಮತ್ತೆ ಒಂದೂವರೆ ಇಂಚು ಎತ್ತರವಾಗಿದ್ದಾಳೆ. ಟೇಪು ಹಿಡಿದು ನೋಡಿಯೇ ಬರೆಯುತ್ತಿದ್ದೇನೆ, ಕಣ್ಣಂದಾಜಲ್ಲ.

ಇಲ್ಲಿ ಮಳೆ ಬಿಡುವ ಲಕ್ಷಣವಿಲ್ಲ. ಶಾಲೆಗೆ ರಜೆ ಕೊಟ್ಟಿದ್ದಾರೆ. ನಮ್ಮ ಹೊಲಿಗೆ ಘಟಕ ನೆಲಮಾಳಿಗೆಯಲ್ಲಿದೆಯಲ್ಲ, ಅಲ್ಲಿ ಮೊಣಕಾಲುದ್ದ ನೀರು. ಮೆಷಿನುಗಳನ್ನೆಲ್ಲ ಮೇಜಿನ ಮೇಲೆ ಹತ್ತಿಸಿಟ್ಟಾದ ಮೇಲೆ ಮಾಲೀಕರು ಕಂದು ಕಾಗದದ ದೊಡ್ಡ ಸುರುಳಿಯೊಂದನ್ನು ನನ್ನ ಹೆಗಲಿಗೆ ಹೊರಿಸಿ, ಯೂನಿಫಾರಮ್ಮಿನ ನಮೂನೆಗಳನ್ನು ಮನೆಯಲ್ಲೇ ಕತ್ತರಿಸಿಡಿ ಮಾಸ್ಟರ್ ಎಂದರು. ಹಾಗಾಗಿ ಈಗ ಈ ಎರಡು ಕೋಣೆಯಲ್ಲಿ ನಾವು ಮೂವರು, ಜೊತೆಗೆ ಇಪ್ಪತ್ತೆರಡು ಇಂಚಿನಿಂದ ಮೂವತ್ತನಾಲ್ಕು ಇಂಚಿನವರೆಗೆ ಏಳು ಕಾಗದದ ಮಕ್ಕಳು. ಅವಕ್ಕೆ ತಲೆಯಿಲ್ಲ, ಹಸಿವಿಲ್ಲ, ಹೇಳಿದಲ್ಲಿ ಮಲಗಿರುತ್ತವೆ. ಕೆಲಸದ ಮಟ್ಟಿಗೆ ಬಲು ಒಳ್ಳೆಯ ಮಕ್ಕಳು.

ಮೊದಲ ಎರಡು ದಿನ ನನ್ನ ಬುದ್ಧಿಗೆ ತೋಚಿದ್ದನ್ನು ಮಾಡಿದೆ. ಗುರುತು ಹಾಕುವ ಸೀಮೆಸುಣ್ಣ ಕೊಟ್ಟೆ, ಗೋಡೆ ಹಾಳಾಯಿತು. ಗುಂಡಿಗಳ ಡಬ್ಬಿ ಕೊಟ್ಟೆ. ಒಂದನ್ನು ಚಿಕ್ಕವನು ಮೂಗಿಗೆ ಹಾಕಿಕೊಂಡ, ತೆಗೆದದ್ದಾಯಿತು, ಗಾಬರಿಯಾಗಬೇಡ. ಉಳಿದ ಹೊತ್ತಿನಲ್ಲಿ ಅವನು ಕಿಟಕಿಗೆ ಮೂಗು ಒತ್ತಿಕೊಂಡು, ಎದುರಿನ ಕಟ್ಟಡದ ನೀರಿನ ಪೈಪನ್ನು ನೋಡುತ್ತ, ಮಳೆ ನಿಂತಿತಾ ಎಂದು ಕೇಳುತ್ತಿದ್ದ. ಎದುರಿಗೆ ಸುರಿಯುತ್ತಿರುವುದು ಅವನಿಗೂ ಕಾಣುತ್ತಿತ್ತು. ಆದರೂ ನನ್ನನ್ನು ಕೇಳುತ್ತಿದ್ದ.

ಮೂರನೆಯ ದಿನ ನಿನ್ನ ಕಾಗದಗಳನ್ನು ಹೊರಗೆ ತೆಗೆದೆ. ಅವುಗಳಲ್ಲಿ ಎಲ್ಲವೂ ಇತ್ತು. ಮೂರು ವರ್ಷದ ಮಳೆ ದಿನಗಳಲ್ಲಿ ನೀನು ಆ ಮನೆಯ ಮಗುವನ್ನು ಹೇಗೆಲ್ಲ ಆಡಿಸಿದೆ ಎನ್ನುವುದು. ನೀನು ನಿನ್ನ ದಿನ ಹೇಗೆ ಕಳೆಯಿತೆಂದು ತಿಳಿಸಲು ಬರೆದದ್ದನ್ನು ನಾನು ಕೈಪಿಡಿಯ ಹಾಗೆ ತೆರೆದಿಟ್ಟುಕೊಂಡೆ.

ಕುರ್ಚಿಗಳನ್ನು ಸಾಲಾಗಿಟ್ಟು ಆಡುವ ಬಸ್ಸಿನ ಆಟ ಮೊದಲು ಆಡಿದೆವು. ಅಲ್ಲಿ ಊಟದ ಮೇಜಿಗೆ ಎಂಟು ಕುರ್ಚಿ, ನಮ್ಮಲ್ಲಿ ಎರಡು, ಅದರಲ್ಲೊಂದರ ಕಾಲು ಅಲ್ಲಾಡುತ್ತದೆ. ಬಟ್ಟೆಯನ್ನು ಹೇಗೆ ಕಿರಿದು ಮಾಡುತ್ತೇನೋ ಹಾಗೇ ಬಸ್ಸನ್ನೂ ಕಿರಿದು ಮಾಡಿದೆ. ಅಲ್ಲಾಡುವ ಕುರ್ಚಿ ಡ್ರೈವರಿಗೆ, ಬಸ್ಸು ನಿಜವಾಗಿ ಕುಲುಕಿದ ಹಾಗಿರಲಿ ಅಂತ. ನನಗೆ ಸಿಕ್ಕಿದ್ದು ಹಿಂದಿನ ಸೀಟು, ಅಂದರೆ ನೆಲ. ಅಡುಗೆಮನೆ ಒಂದು ಸ್ಟಾಪು, ಬಚ್ಚಲು ಕೊನೆಯ ಸ್ಟಾಪು. ಇಳಿದವರು ಅಲ್ಲಿ ಏನು ಕಂಡರೆಂದು ಬಂದು ಹೇಳಬೇಕು, ನೀನು ಬರೆದ ಹಾಗೆಯೇ.

ಗದ್ದಲ ತಡೆಯಲಾರದೆ ಕೆಳಗಿನ ಮನೆಯ ನಿವೃತ್ತ ಕಂಪೌಂಡರು ಪೊರಕೆ ಹಿಡಿಯಿಂದ ತಮ್ಮ ಛಾವಣಿಯನ್ನು ಕುಟ್ಟಿದರು. ಚಿಕ್ಕವನು ಅದನ್ನು ಹಿಂದಿನ ಲಾರಿಯ ಹಾರನ್ ಎಂದುಕೊಂಡು ದಾರಿ ಬಿಟ್ಟ. ಆಮೇಲೆ ಅವರೇ ಮೇಲೆ ಬಂದರು. ಬೈಯಲು ಬಾಯಿ ತೆರೆಯುವ ಮೊದಲೇ ಚಿಕ್ಕವನು ಅವರ ಕೈಗೊಂದು ಟಿಕೆಟ್ಟು ಕೊಟ್ಟು, ಎಲ್ಲಿಗೆ ಎಂದು ಕೇಳಿದ. ಅವರು ಟಿಕೆಟ್ಟನ್ನು ತಿರುಗಿಸಿ ನೋಡಿ, ಎಲ್ಲಿಗಾದರೂ ಆಗಬಹುದು, ಕೂರೋಕೆ ಜಾಗ ಇದೆಯಾ ಎಂದರು. ನನ್ನ ಪಕ್ಕ ಅರ್ಧ ಗಂಟೆ ಕೂತು, ಎಲ್ಲೂ ಇಳಿಯದೆ, ಎದ್ದು ಹೋದರು.

ಕಣ್ಣು ಮುಚ್ಚಿಕೊಂಡು ಮಳೆ ಯಾವುದರ ಮೇಲೆ ಬೀಳುತ್ತಿದೆ ಎಂದು ಹೇಳುವ ಆಟವನ್ನೂ ಆಡಿದೆವು. ನೀನಿರುವಲ್ಲಿ ಗಾಜು ಮುಚ್ಚಿದರೆ ಮಳೆ ಕೇಳಿಸುವುದೇ ಇಲ್ಲವೆಂದು, ಕಿಟಕಿ ತೆರೆದು ಬೈಸಿಕೊಂಡೆ ಎಂದು ಬರೆದಿದ್ದೆ. ಇಲ್ಲಿ ಆ ಕಷ್ಟವಿಲ್ಲ. ಸೈಕಲ್ ಸ್ಟ್ಯಾಂಡಿನ ತಗಡು, ಯಾರದೋ ಮುಚ್ಚಿಟ್ಟ ಸ್ಕೂಟರಿನ ಪ್ಲಾಸ್ಟಿಕ್ಕು, ನಮ್ಮದೇ ಬಕೆಟ್ಟು. ಚಿಕ್ಕವನು ಬಹಳ ಹೊತ್ತು ಕೇಳಿಸಿಕೊಂಡು, 'ಇದು ಏನೂ ಇಲ್ಲದ್ದರ ಮೇಲೆ ಬೀಳ್ತಿರೋ ಮಳೆ' ಎಂದ. ಅದಕ್ಕೆ ಎಷ್ಟು ಅಂಕ ಕೊಡಬೇಕೆಂದು ನಿನ್ನ ಕಾಗದದಲ್ಲಿ ಇರಲಿಲ್ಲ.

ಐದನೆಯ ದಿನ ಇರಬೇಕು. ಬಸ್ಸಿನಲ್ಲಿ ನಾನು ಏನೋ ತಪ್ಪು ಮಾಡಿದೆ. ಅವನು ಬಸ್ಸು ನಿಲ್ಲಿಸಿ ನನ್ನನ್ನು ತಿದ್ದಿದ. ಅಮ್ಮ ಹೀಗೆ ಮಾಡುತ್ತಿರಲಿಲ್ಲವಂತೆ. ಅಮ್ಮ ಅವನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ, ಸೆರಗಿನಿಂದ ಬಸ್ಸಿನ ಗಾಜು ಒರೆಸಿ, ಈಗ ದಾರಿ ಕಾಣ್ತಾ ಎಂದು ಕೇಳುತ್ತಿದ್ದಳಂತೆ. ಅದಾದ ಮೇಲೆ ಅವನ ತಲೆಯನ್ನೂ ಒರೆಸುತ್ತಿದ್ದಳಂತೆ. ಎಷ್ಟು ಖಚಿತವಾಗಿ ಹೇಳಿದನೆಂದರೆ ಒಂದು ಗಳಿಗೆ ನನಗೂ ಅದು ಕಣ್ಣಿಗೆ ಕಟ್ಟಿತು. ನೀನು ಹೋದಾಗ ಅವನಿಗೆ ಎರಡೂವರೆ ವರ್ಷ. ಆಗ ನಮ್ಮ ಮನೆಯಲ್ಲಿ ಕುರ್ಚಿಯೇ ಇರಲಿಲ್ಲ.

ನಾನು ಇಲ್ಲ ಅನ್ನಲಿಲ್ಲ. ಗಾಜು ಒರೆಸಿದೆ.

ದೊಡ್ಡವಳು ಆ ಹೊತ್ತಿಗೆ ಮೂಲೆಯಲ್ಲಿ ಕೂತು ನಮೂನೆಗಳ ಮೇಲೆ ಅಳತೆಯ ಅಂಕಿ ಬರೆಯುತ್ತಿದ್ದಳು. ಮೊದಲ ದಿನದಿಂದಲೂ ಅವಳು ಬಸ್ಸು ಹತ್ತಿರಲಿಲ್ಲ. ಹನ್ನೊಂದು ವರ್ಷದವಳು, ಚಿಕ್ಕಮಕ್ಕಳ ಆಟ ಬೇಡವೇನೋ ಎಂದುಕೊಂಡಿದ್ದೆ. ಅವಳು ಪೆನ್ಸಿಲ್ ಕೆಳಗಿಟ್ಟು ಎದ್ದು, ಕಾಗದಗಳ ಡಬ್ಬಿ ಎತ್ತಿಕೊಂಡು, ಅಡುಗೆಮನೆಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿದಳು. ನಾನು ಹಿಂದೆ ಹೋದೆ.

'ಬಟ್ಟೆ ಆಯ್ತು,' ಎಂದಳು. 'ಈಗ ಆಟಾನೂ ಅವರು ಆಡಿ ಬಿಟ್ಟಿದ್ದೇನಾ?'

ನಿನಗೆ ಇದು ಅರ್ಥವಾಗುತ್ತದೆ. ಆ ಮನೆಯವರು ಕೊಟ್ಟ ಬಟ್ಟೆಯ ಗಂಟು ಬಂದಾಗಲೆಲ್ಲ ನಾನು ಮೊದಲು ಮಾಡುವ ಕೆಲಸ, ಕಾಲರಿನ ಒಳಗೆ ಹೊಲಿದ ಆ ಮಗುವಿನ ಹೆಸರಿನ ಪಟ್ಟಿಯನ್ನು ಬ್ಲೇಡಿನಿಂದ ಬಿಚ್ಚುವುದು. ಆಮೇಲೆ ಬದಿ ಹಿಡಿಯುತ್ತೇನೆ, ತೋಳು ಮೊಟಕು ಮಾಡುತ್ತೇನೆ. ಹಾಕಿಕೊಂಡ ಮೇಲೆ ಅದು ನಮ್ಮ ಮಕ್ಕಳದೇ ಬಟ್ಟೆ. ಇಷ್ಟರಲ್ಲಿ ತಪ್ಪೇನೂ ಇಲ್ಲವೆಂದು ನನ್ನ ಎಣಿಕೆ. ಆದರೆ ಅವಳು ಆಮೇಲೆ ಹೇಳಿದ್ದು ಬೇರೆ.

'ನೀನು ಅವನಿಗೆ ಓದಿ ಹೇಳುವಾಗ ಬದಲಾಯಿಸ್ತೀಯ ಅಪ್ಪ. ಕಾಗದದಲ್ಲಿರೋದು ಆ ಮಗು. ನೀನು ಓದೋದು ಇವನ ಹೆಸರು. ಎಲ್ಲಾ ಕಾಗದದಲ್ಲೂ ಹಾಗೇ. ನಾನು ತಾಳೆ ಹಾಕಿ ನೋಡಿದೀನಿ.'

ಹೌದು, ಹಾಗೇ ಮಾಡಿದ್ದೆ. ಯಾವಾಗ ಶುರು ಮಾಡಿದೆನೋ ಗೊತ್ತಿಲ್ಲ. ಅವನು ಮಡಿಲಲ್ಲಿ ಕೂತು, ಅಮ್ಮ ಏನು ಬರೆದಿದ್ದಾಳೆ ಎಂದು ಕೇಳಿದಾಗ, ನೀನು ಇನ್ನೊಂದು ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕಿ ರಾತ್ರಿಯೆಲ್ಲ ಕೂತದ್ದನ್ನು ಹೇಗೆ ಓದಲಿ? ಆ ಮಗುವನ್ನು ಎತ್ತಿ ಪಕ್ಕಕ್ಕಿಟ್ಟು, ಆ ಜಾಗದಲ್ಲಿ ಇವನನ್ನು ಕೂರಿಸಿದೆ. ಆವತ್ತು ನಿನಗೆ ಜ್ವರ ಬಂದಿತ್ತಲ್ಲ, ಆವತ್ತಿನದು ಎಂದೆ. ಅಷ್ಟೇ. ಒಂದು ಸಲ ಮಾಡಿದ ಮೇಲೆ ಮುಂದಿನ ಕಾಗದದಲ್ಲಿ ಅವನನ್ನು ಎಬ್ಬಿಸುವುದು ಹೇಗೆ?

ಎರಡು ಭಾನುವಾರದಿಂದ ಅವನು ಫೋನಿಗೆ ಬರುತ್ತಿಲ್ಲವೆಂದು ನೀನು ನೊಂದುಕೊಂಡೆ. ನಾಚಿಕೆ ಎಂದು ನಾನು ಹೇಳಿದೆ. ನಾಚಿಕೆಯಲ್ಲ. ಫೋನಿನಲ್ಲಿ ಬರುವುದು ಅವನಿಗೆ ಯಾರೋ ಒಬ್ಬ ಹೆಂಗಸಿನ ದನಿ. ಅವನು ಕೇಳಿಸಿಕೊಂಡು ಬೆಳೆದ ಅಮ್ಮನ ದನಿ ನನ್ನದು.

ದೊಡ್ಡವಳು ಡಬ್ಬಿಯನ್ನು ತನ್ನ ಬಟ್ಟೆಗಳ ಕೆಳಗೆ ಇಟ್ಟುಕೊಂಡಿದ್ದಾಳೆ. ಕೇಳಿದರೆ ಕೊಡುತ್ತಾಳೆ, ನಾನು ಕೇಳಿಲ್ಲ. ಅವಳಿಗೆ ನೀನು ಸರಿಯಾಗಿ ನೆನಪಿದ್ದೀಯ. ನೀನು ಅವಳ ಜೊತೆ ಆಟ ಆಡುತ್ತಿರಲಿಲ್ಲ, ಪುರುಸೊತ್ತು ಇರುತ್ತಿರಲಿಲ್ಲ, ಜಡೆ ಬಿಗಿಯಾಗಿ ಹಾಕಿ ನೋಯಿಸುತ್ತಿದ್ದೆ ಎನ್ನುವುದು ನೆನಪಿದೆ. ಆ ನೆನಪನ್ನು ಅವಳು ಯಾರಿಗೂ ಬಿಟ್ಟುಕೊಡುವಂತೆ ಕಾಣುವುದಿಲ್ಲ. ನಿನ್ನೆಯಿಂದ ತನ್ನ ಜಡೆ ತಾನೇ ಹಾಕಿಕೊಳ್ಳುತ್ತಿದ್ದಾಳೆ, ಕಣ್ಣು ಮೇಲಕ್ಕೆ ಎಳೆದುಕೊಳ್ಳುವಷ್ಟು ಬಿಗಿಯಾಗಿ.

ನನ್ನ ವಿಷಯ ಬರೆಯುವಂಥದ್ದೇನಿಲ್ಲ. ನಿನ್ನ ಕಾಗದಗಳನ್ನು ಇಷ್ಟು ಸಲ ಓದಿದ ಮೇಲೆ ಗೊತ್ತಾದದ್ದು, ಪ್ರತಿಯೊಂದರ ಕೊನೆಯಲ್ಲೂ ನನಗೆಂದು ಒಂದು ಸಾಲು ಇದೆ: ಹೊತ್ತಿಗೆ ಸರಿಯಾಗಿ ಊಟ ಮಾಡಿ. ಮಾಡುತ್ತಿದ್ದೇನೆ.

ಇನ್ನು ನೀನು ಕೇಳಿದ್ದು. ಅವರು ಇನ್ನೆರಡು ವರ್ಷದ ಕರಾರಿಗೆ ಈ ತಿಂಗಳ ಕೊನೆಯೊಳಗೆ ಸಹಿ ಕೇಳುತ್ತಿದ್ದಾರೆ, ನೀವು ಇರು ಅಂದರೆ ಇರ್ತೀನಿ, ಬಾ ಅಂದರೆ ಬರ್ತೀನಿ ಎಂದು ಬರೆದಿದ್ದೀಯ. ಆ ಮಗು ನಿನಗೆ ಒಗ್ಗಿಕೊಂಡಿದೆ, ಅದನ್ನು ಬಿಟ್ಟು ಬರುವುದು ಸುಲಭವಲ್ಲ ಎಂದು ನೀನು ಬರೆಯದಿದ್ದರೂ ತಿಳಿಯುತ್ತದೆ. ನಿನಗೆ ಹೇಗೆ ಸರಿ ಕಾಣುತ್ತದೋ ಹಾಗೆ ಮಾಡು. ಇಲ್ಲಿಯ ಚಿಂತೆ ಬೇಡ, ಹೇಗೋ ನಡೆಯುತ್ತಿದೆ.

ಒದ್ದೆಯಲ್ಲಿ ಓಡಾಡಬೇಡ, ನಿನಗೆ ಬೇಗ ಶೀತವಾಗುತ್ತದೆ. ನಿನಗೆ ಒಳ್ಳೆಯದಾಗಲಿ. ಆ ಮಗುವಿಗೂ.

ನಿನ್ನ
ಇವರು

ಲಕೋಟೆ ಅಂಟಿಸುವ ಮೊದಲು ಇಷ್ಟು: ಮೇಲಿನದನ್ನು ಬರೆದದ್ದು ನಿನ್ನೆ. ಈ ಬೆಳಿಗ್ಗೆ ಚಿಕ್ಕವನನ್ನು ಕೂರಿಸಿಕೊಂಡು, ಅಮ್ಮ ಬರಲಾ ಅಂತ ಕೇಳಿದ್ದಾಳೆ, ಏನು ಬರೆಯೋಣ ಎಂದೆ. ಅವನು ಸ್ವಲ್ಪ ಯೋಚಿಸಿದ. 'ಅಮ್ಮ ಇಲ್ಲಿಗೆ ಬಂದ್ರೆ ಕಾಗದ ಯಾರು ಬರೀತಾರೆ?' ಎಂದ. ನಾನು ನಕ್ಕುಬಿಟ್ಟೆ. ದೊಡ್ಡವಳು ನಗಲಿಲ್ಲ. ಅವನು ಬಚ್ಚಲಿಗೆ ಹೋದ ಮೇಲೆ ಹತ್ತಿರ ಬಂದು, 'ಇದನ್ನ ಬರೀಬೇಡ ಅಪ್ಪ, ಅಮ್ಮನಿಗೆ' ಎಂದಳು. ಅವಳ ಮಾತು ಮೀರಿ ಬರೆಯುತ್ತಿದ್ದೇನೆ. ಸಹಿ ಹಾಕಬೇಡ. ಬಾ. ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು. ಬರೆಯಲಾರದ್ದಕ್ಕೆ ಕಾರಣ ನಿನ್ನ ಕೆಲಸವಲ್ಲ, ನನ್ನ ಹೆದರಿಕೆ. ಯಾರಾದರೂ ಬಾಗಿಲು ತಟ್ಟಿದರೆ ಓಡಿ ಹೋಗಿ ತೆರೆಯುವುದು ಈಗ ಅವನ ಕೆಲಸ. ಬಹಳ ಜವಾಬ್ದಾರಿಯಿಂದ ಮಾಡುತ್ತಾನೆ. ಸರಪಳಿ ತೆಗೆಯದೆ, ಸಂದಿಗೆ ಮುಖ ಇಟ್ಟು, ಯಾರು ಬೇಕಿತ್ತು ಎಂದು ಕೇಳುತ್ತಾನೆ. ನೀನು ಬಂದು ನಿಂತ ದಿನವೂ ಹಾಗೆಯೇ ಕೇಳಿದರೆ, ಏನೆಂದು ಹೇಳುತ್ತೀಯೇ?