ಅಮ್ಮನ ಮೆದುಳಿನ ಚಿತ್ರ

ಶಿಕಾರಿಪುರ, ತೃಪ್ತಿಯ ಮನೆ
೧೬ ಫೆಬ್ರವರಿ ೨೦೨೫

ಅಮ್ಮನಿಗೆ,

ಕ್ಷೇಮವೇ ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ಇಲ್ಲಿಂದ ಸೊರಬದ ಬಸ್ಸು ಹತ್ತಿದ್ದರೆ ಊಟದ ಹೊತ್ತಿಗೆ ಕುಪ್ಪಗಡ್ಡೆಯಲ್ಲಿ ನಿನ್ನೆದುರು ಇರುತ್ತಿದ್ದೆ. ಬಸ್‌ಸ್ಟ್ಯಾಂಡಿನವರೆಗೆ ಹೋಗಿ ವಾಪಸು ಬಂದೆ. ಹಾಗಾಗಿ ಈ ಕಾಗದ.

ತೃಪ್ತಿಯ ಬಾಣಂತನಕ್ಕೆಂದು ನೀನು ಹರಳೆಣ್ಣೆ, ಒಣಕೊಬ್ಬರಿ, ಅಂಟು ಎಲ್ಲ ಕಟ್ಟಿಕೊಂಡು ಇಲ್ಲಿಗೆ ಬಂದಿದ್ದೆ. ಅವಳು ಮಗುವನ್ನು ನಿನ್ನ ಕಾಲ ಮೇಲೆ ಮಲಗಿಸಲು ಬಿಡಲಿಲ್ಲ. "ನೀನ್ ದಣೀಬ್ಯಾಡಮ್ಮ, ನೀರೆರೆಯಾಕೆ ಯಮುನಮ್ಮ ಬರ್ತಾಳೆ" ಎಂದಳಂತೆ. ಎರಡೇ ದಿನಕ್ಕೆ ನೀನು ಊರಿಗೆ ಹೊರಟುಬಿಟ್ಟೆ. ಇದೆಲ್ಲ ಅವಳ ಅತ್ತೆ ತಿಮ್ಮಮ್ಮನವರ ಕಿತಾಪತಿ ಎಂದು ಇವತ್ತಿಗೂ ನಂಬಿದ್ದೀಯ. ಪಾಪ, ಅವರದೇನೂ ಇಲ್ಲ. ತೃಪ್ತಿಗೆ ಹೇಳಿಕೊಟ್ಟವಳು ನಾನು. ಅಮ್ಮನ ಮೆದುಳು ಮಂಕಾಗುತ್ತಿದೆ, ಮರೆವಿನಲ್ಲಿ ಮಗುವಿಗೆ ಕುದಿನೀರು ಹುಯ್ದುಬಿಟ್ಟಾಳು ಎಂದಿದ್ದೆ. ನಿನಗೆ ಹೇಳಬಾರದೆಂದು ಅವಳಿಂದ ಆಣೆಯನ್ನೂ ಮಾಡಿಸಿಕೊಂಡಿದ್ದೆ.

ನಮ್ಮ ಲ್ಯಾಬಿನ ಕೆಲಸ ನಿನಗೆ ಗೊತ್ತು. ಮೆದುಳಿನ ಜೀವಕೋಶಗಳಿಗೆ ಸಕ್ಕರೆಯೇ ಊಟ. ಆ ಸಕ್ಕರೆಗೆ ಒಂಚೂರು ವಿಕಿರಣ ಅಂಟಿಸಿ ರಕ್ತಕ್ಕೆ ಬಿಡುತ್ತೇವೆ. ಅದು ಎಲ್ಲಿ ಹೋಗಿ ಸೇರುತ್ತದೋ ಅಲ್ಲಿ ಚಿತ್ರ ಬೆಳಗುತ್ತದೆ. ಮೇಯಲು ಬಿಟ್ಟ ದನಕ್ಕೆ ಗಂಟೆ ಕಟ್ಟಿದ ಹಾಗಾ ಎಂದು ಕೇಳಿ ನೀನು ಎಲ್ಲರನ್ನೂ ನಗಿಸಿದ್ದೆ. ನಮ್ಮ ಪ್ರಯೋಗಕ್ಕೆ ಆರೋಗ್ಯವಂತ ಹಿರಿಯರು ಬೇಕೆಂದಾಗ ಖುಷಿಯಿಂದ ಬಂದವಳು ನೀನು. ಪರೀಕ್ಷೆಗೆ ಬರೀ ಹೊಟ್ಟೆಯಲ್ಲಿ ಬರಬೇಕು. ಈ ಮಹಾ ವಿಜ್ಞಾನಿ ನಿನಗೆ ಹೇಳಿದ್ದೇನು? "ನಿನ್ನ ಸೋಮವಾರದ ಉಪವಾಸದ ಹಾಗೇ ಇದ್ದರೆ ಸಾಕಮ್ಮ." ಸೂಜಿ ಚುಚ್ಚುವ ಮೊದಲು ರಕ್ತದ ಸಕ್ಕರೆ ನೋಡಲೇಬೇಕು. ಅಮ್ಮನೇ ಅಲ್ಲವೇ ಎಂದು ಅದನ್ನೂ ಬಿಟ್ಟೆ.

ಚಿತ್ರದಲ್ಲಿ ಮೆದುಳೆಲ್ಲ ಮಂಕು. ನಾನು ಡಾಕ್ಟರಲ್ಲ, ಆ ಸಕ್ಕರೆ ತಯಾರಿಸುವವಳು ಅಷ್ಟೇ. ಓದಲು ಬರುವವರಿಗೆ ತೋರಿಸದೆ, ಹೆದರಿ ತೃಪ್ತಿಗೆ ಫೋನು ಮಾಡಿದೆ. ಆಮೇಲೆ ನಮ್ಮ ಡಾಕ್ಟರ್ ಶಿವರಾಮ ನೋಡಿದರು. "ಕತ್ತಿನ ಸ್ನಾಯು ಹೇಗೆ ಹೊಳೀತಿದೆ ನೋಡ್ರೀ. ಇವರು ಏನೋ ತಿಂದು ಬಂದಿದ್ದಾರೆ. ಹಾಗಾದ್ರೆ ಸಕ್ಕರೆ ಮೈಗೆ ಹೋಗುತ್ತೆ, ಮೆದುಳಿಗೆ ಕಮ್ಮಿ ಸಿಗುತ್ತೆ" ಎಂದರು. ಅವತ್ತಿನ ನೆನಪಿನ ಪರೀಕ್ಷೆಯಲ್ಲಿ ನೀನು ಒಂದು ಉತ್ತರವನ್ನೂ ತಪ್ಪು ಹೇಳಿರಲಿಲ್ಲ ಎಂಬುದನ್ನೂ ಅವರೇ ತೋರಿಸಿದರು. ನಿನಗೆ ಫೋನು ಮಾಡಿ ಕೇಳಿದೆ. "ಸೋಮ್ವಾರದಂಗೇ ಇದ್ದೆ ಕಣೇ. ಒಂದ್ ಲೋಟ ಬೆಲ್ಲದ ಹಾಲು, ಎಲ್ಡು ಬಾಳೆಹಣ್ಣು. ಅನ್ನ ಮುಟ್ಲಿಲ್ಲ" ಎಂದು ನೀನಂದೆ. ನಾನು ಹೇಳಿದ ಹಾಗೆಯೇ ನೀನು ಮಾಡಿದ್ದೆ. ಹುಟ್ಟಿದಾಗಿನಿಂದ ನಿನ್ನ ಸೋಮವಾರಗಳನ್ನು ನೋಡಿದವಳಿಗೆ ಅದು ಹೊಳೆಯಲೇ ಇಲ್ಲ.

ಹೋದ ತಿಂಗಳು ನಾಮಕರಣದ ದಿನ ನೀನು ನೆಂಟರ ಸಾಲಿನಲ್ಲಿ ಕುಳಿತಿದ್ದೆ. ಮಗು ಅತ್ತಾಗ ಕೈ ಚಾಚಿದೆ. ಯಮುನಮ್ಮ ನಿನ್ನನ್ನು ದಾಟಿಕೊಂಡೇ ಅದನ್ನು ಒಳಗೆ ಒಯ್ದಳು. ಚಾಚಿದ ಕೈಯಿಂದ ನೀನು ಸೆರಗು ಸರಿಮಾಡಿಕೊಂಡೆ. ನಾನು ಹೋಳಿಗೆ ತಿನ್ನುತ್ತಿದ್ದೆ. ತೃಪ್ತಿಯ ಮಾವ ರಾಜಪ್ಪನವರು ವಿಜ್ಞಾನಿ ಎಂದು ನನ್ನನ್ನು ಎಲ್ಲರಿಗೂ ತೋರಿಸುತ್ತಿದ್ದರು. ನೆನೆದರೆ ನಾಚಿಕೆಯಿಂದ ಕುಗ್ಗಿಹೋಗುತ್ತೇನೆ.

ಇವತ್ತು ಬೆಳಿಗ್ಗೆ ತೃಪ್ತಿಗೆ ಹೇಳಿದೆ. ಅವಳು ಆಗಲೇ ಯಮುನಮ್ಮನಿಗೆ ನಾಳೆಯಿಂದ ಬರಬೇಡ ಎಂದಿದ್ದಾಳೆ. ಈ ಕಾಗದ ತರುವ ನಿನ್ನಳಿಯ ಹೇಮಂತ್ ಕಾರು ತಂದಿರುತ್ತಾನೆ, ಬಂದುಬಿಡು. ನನ್ನ ಮೇಲಿನ ಸಿಟ್ಟನ್ನು ಮಗುವಿನ ಮೇಲೆ ತೋರಿಸಬೇಡ. ನಾನು ಇಲ್ಲಿರಬಾರದು ಅನ್ನಿಸಿದರೆ ಅವನಿಗೆ ಹೇಳು, ನೀನು ಬರುವ ಮೊದಲೇ ಹೊರಡುತ್ತೇನೆ.

ತಲೆ ತಗ್ಗಿಸಿಕೊಂಡು,
ನಿನ್ನ ಹಿರಿಮಗಳು
ನಾಗಶ್ರೀ

ತಾ.ಕ.: ನಿಜ ಗೊತ್ತಾಗಿದ್ದು ಮೊನ್ನೆ ಎಂದು ತೃಪ್ತಿಗೆ ಹೇಳಿದ್ದೇನೆ. ಏನು ತಿಂದಿದ್ದೆ ಎಂದು ನಾನು ನಿನಗೆ ಫೋನು ಮಾಡಿ ಕೇಳಿದ್ದು ನಾಮಕರಣದ ಹಿಂದಿನ ದಿನ. ನಿನಗದು ನೆನಪಿದ್ದೇ ಇರುತ್ತದೆ.