ಮೂವತ್ತೊಂದನೆಯ ಉಲ್ಲೇಖ

ಮಾರ್ಚ್ 3, ಬೆಳಿಗ್ಗೆ

ಇಂದು ಒಂದು ಅಪರಾಧ ಎಸಗಿದೆ. ಪೂರ್ಣ ಪ್ರಜ್ಞೆಯಲ್ಲಿ, ಎರಡನೇ ಕಾಫಿಯ ನಂತರ. ಯಾರದೋ ಲೇಖನವನ್ನು ಜರ್ನಲ್ಲಿನವರು ನನ್ನ ಪರಿಶೀಲನೆಗೆ ಕಳಿಸಿದ್ದರು. ಮಾತ್ರೆ ಹೊಟ್ಟೆಯಲ್ಲಿ ಕರಗುವ ವಿಷಯ. ಬರೆದವರಿಗೆ ನಾನು ಯಾರೆಂದು ಗೊತ್ತಾಗದು, ನನಗೆ ಅವರು ಯಾರೆಂದು. ಷರಾದ ಕೊನೆಗೆ ಒಂದು ಸಾಲು ಸೇರಿಸಿದೆ: 'ಈ ಕ್ಷೇತ್ರದ ಮೂರು ಮಹತ್ವದ ಅಧ್ಯಯನಗಳನ್ನು ಲೇಖಕರು ಗಮನಿಸಿದಂತಿಲ್ಲ. ಉಲ್ಲೇಖಿಸುವುದು ಸೂಕ್ತ.' ಒಂದು ನನ್ನದೇ. ಉಳಿದೆರಡು ಮರೆಗೆ — ಗುಂಪಲ್ಲಿ ಗೋವಿಂದ.

ಪ್ರೊಫೆಸರ್ ಹುದ್ದೆಗೆ ನಿಯಮವಿದೆ. ಹದಿನೈದು ಲೇಖನ ಇರಬೇಕು, ಒಂದೊಂದನ್ನೂ ಹೊರಗಿನವರು ಹದಿನೈದು ಸಲವಾದರೂ ಉಲ್ಲೇಖಿಸಿರಬೇಕು. ಹದಿನಾಲ್ಕು ಲೇಖನ ಗಟ್ಟಿ. ಹದಿನೈದನೆಯದು ಹದಿನಾಲ್ಕು ಉಲ್ಲೇಖಕ್ಕೆ ಬಂದು ಕೂತಿದೆ, ಏಳುವುದಿಲ್ಲ. ಬೇಕಾದದ್ದು ಒಂದೇ ಒಂದು. ಎರಡು ಸಲ ಅರ್ಜಿ ವಾಪಸ್ ಬಂದಿದೆ, ಈ ಸಲವೇ ಕೊನೆ. ಬಿಡುವ ಆಸಾಮಿ ನಾನಲ್ಲ.

ಮಾರ್ಚ್ 9

ಹೆಂಡತಿ ಹಲ್ಲಿನ ಡಾಕ್ಟರ್. ಊರಿನವರ ಬಾಯಿ ತೆರೆಸಿ ಮನೆಗೆ ಬರುತ್ತಾಳೆ, ಬಂದು ನನ್ನದನ್ನು ಮುಚ್ಚಿಸುತ್ತಾಳೆ.

"ಏನ್ರೀ, ಊಟ ಮಾಡ್ತಾನೂ ಫೋನ್ ನೋಡ್ತಿದೀರಾ. ಯಾರವಳು?"

"ಉಲ್ಲೇಖ ಕಣೇ."

"ಹೆಸರೇನೋ ಚೆನ್ನಾಗಿದೆ."

ಏಪ್ರಿಲ್ 21

ತಿದ್ದಿದ ಪ್ರತಿ ಬಂತು. ಮೂವತ್ತೊಂದನೆಯ ಉಲ್ಲೇಖ — ನಾನು! 'ಪ್ರಕಟಿಸಬಹುದು' ಎಂದು ಬರೆದು ಊಟಕ್ಕೆ ಮೊದಲೇ ಕಳಿಸಿಬಿಟ್ಟೆ. ಹಸಿವು ಎಂದೂ ಇಷ್ಟು ರುಚಿಯಾಗಿರಲಿಲ್ಲ.

ಜೂನ್ 12

ಪ್ರಕಟವಾಯಿತು. ಹದಿನಾಲ್ಕು ಹದಿನೈದಾಯಿತು. ವಿಭಾಗಕ್ಕೆಲ್ಲ ಕೇಕ್ ತರಿಸಿದೆ. ಪಕ್ಕದ ಕೋಣೆಯ ಸಹೋದ್ಯೋಗಿ ಲೇಖನ ಹಿಡಿದು ಬಂದಳು.

"ಸಾರ್, ಅಭಿನಂದನೆ ಹೇಳ್ಬೇಕೋ ಸಂತಾಪ ಹೇಳ್ಬೇಕೋ ಗೊತ್ತಾಗ್ತಿಲ್ಲ. ಏಳನೇ ಪುಟ ನೋಡಿ."

ನೋಡಿದೆ. 'ಮೂವತ್ತೊಂದನೆಯ ಉಲ್ಲೇಖದ ಫಲಿತಾಂಶವನ್ನು ನಾವು ಮತ್ತೆ ಪರೀಕ್ಷಿಸಿದೆವು. ಅದು ನಮಗೆ ಸಿಗಲಿಲ್ಲ. ದ್ರಾವಣದೊಳಗಿನ ಗಾಳಿ ಹೊರಹಾಕದೆ ಪ್ರಯೋಗ ನಡೆದಿರಬಹುದು.'

ಬಾಯಲ್ಲಿ ಕೇಕ್ ಇಟ್ಟುಕೊಂಡೇ ಆ ಸಾಲುಗಳನ್ನು ಮತ್ತೊಮ್ಮೆ ಓದಿದೆ.

"ಬಿಡಿ ಸಾರ್, ಉಲ್ಲೇಖ ಎಣಿಸೋ ಯಂತ್ರಕ್ಕೆ ಹೊಗಳಿದ್ರೂ ಒಂದೇ, ಉಗಿದ್ರೂ ಒಂದೇ. ಹದಿನೈದು ಅಂದ್ರೆ ಹದಿನೈದು."

ಜೂನ್ 15, ಲ್ಯಾಬ್

ನಿದ್ದೆ ಇಲ್ಲದ ಮೂರು ದಿನ. ನೋಡಿಯೇಬಿಡೋಣ ಎಂದು ನಿಂತೆ. ನನ್ನದೇ ಮಾತ್ರೆ, ನನ್ನದೇ ಲೇಪನ — 'ಮಾತ್ರೆ ನಿಧಾನವಾಗಿ ಕರಗುವಂತೆ ಮಾಡುವ' ಖ್ಯಾತ ಲೇಪನ. ಎರಡು ಪಾತ್ರೆ. ಒಂದರ ದ್ರಾವಣವನ್ನು ಬಿಸಿಮಾಡಿ, ನಿರ್ವಾತದಲ್ಲಿಟ್ಟು ಗಾಳಿ ತೆಗೆದೆ. ಇನ್ನೊಂದನ್ನು, ಅಂದು ಆತುರದಲ್ಲಿ ಮಾಡಿದಂತೆ, ಹಾಗೇ ಬಿಟ್ಟೆ.

ಹಾಗೇ ಬಿಟ್ಟ ಪಾತ್ರೆಯಲ್ಲಿ ಗುಳ್ಳೆಗಳು ಮಾತ್ರೆಯ ಮೈಗೆಲ್ಲ ಅಂಟಿಕೊಂಡವು. ಮುತ್ತಿನ ಸರ ತೊಟ್ಟ ಯಜಮಾನಿಯಂತೆ ಮಾತ್ರೆ ಗತ್ತಿನಿಂದ, ನಿಧಾನವಾಗಿ ಕರಗಿತು. ಗಾಳಿ ತೆಗೆದ ಪಾತ್ರೆಯಲ್ಲಿ? ಲೇಪನವಿದ್ದೂ ಸರಸರನೆ ಮಾಯ.

ಅಂದರೆ ತಡೆದದ್ದು ಲೇಪನವಲ್ಲ, ಗುಳ್ಳೆ. ಆರು ವರ್ಷದ ಕೀರ್ತಿಯೊಳಗೆ ಬರೀ ಗಾಳಿ.

ಜೂನ್ 16

ನನ್ನ ಆ ಹದಿನೈದನೆಯ ಲೇಖನ ಹಿಂಪಡೆಯುವುದಾಗಿ ಬರೆದು ಕಳಿಸಿದೆ. ಡೀನ್ ತಲೆ ಚಚ್ಚಿಕೊಂಡರು. "ಬಾಯ್ಮುಚ್ಕೊಂಡು ಇದ್ದಿದ್ರೆ ಪ್ರೊಫೆಸರ್ ಆಗ್ತಿದ್ರಲ್ರೀ!"

ಆದರೂ ಹದಿನಾಲ್ಕು ಲೇಖನ ಇಟ್ಟುಕೊಂಡೇ ಅರ್ಜಿ ಹಾಕಿದೆ. ತಳ್ಳಿದರೆ ತಳ್ಳಲಿ.

ಜುಲೈ 4

ಪರಿಶೀಲನೆಗೆ ಕಳಿಸಿದ್ದ ಜರ್ನಲ್ಲಿನ ಸಂಪಾದಕರ ಫೋನ್. "ನೀವು ಲೇಖನ ಹಿಂಪಡೆದಿದ್ದು ನೋಡ್ದೆ ಸಾರ್. ನಿಮ್ಮನ್ನೇ ಬೀಳಿಸೋ ಬರಹನ ನೀವೇ ಪಾಸ್ ಮಾಡಿದೀರಿ! ಇಂಥ ದೊಡ್ಡತನ ನಾ ಕಂಡಿಲ್ಲ. ನಿಮ್ಮ ಡೀನ್‌ಗೆ ತಿಳಿಸ್ಲಾ?"

"ಕರ್ತವ್ಯ ಮಾಡಿದೆ, ಅಷ್ಟೇ" ಎಂದೆ. ದನಿ ಸ್ವಲ್ಪ ದಪ್ಪ ಮಾಡಿಕೊಂಡು. ತಿಳಿಸಬೇಡಿ ಎನ್ನಲಿಲ್ಲ.

ಸಂಜೆಯೊಳಗೆ ಡೀನ್ ಓಡಿ ಬಂದರು. ಒಂದು ಲೇಖನದ ಕೊರತೆಯನ್ನು ಸಮಿತಿ ಮನ್ನಿಸಬಹುದಂತೆ. 'ಅಪರೂಪದ ಪ್ರಾಮಾಣಿಕತೆ' ಎಂಬ ಕಾರಣಕ್ಕೆ. ಸೋಮವಾರ ಸಂದರ್ಶನ. ಮನೆಯಲ್ಲಿ ಎದೆಯುಬ್ಬಿಸಿ ಹೇಳಿದೆ: ಸತ್ಯದ ಮುಂದೆ ಸ್ವಂತ ಹೆಸರನ್ನೂ ಲೆಕ್ಕಿಸದವನು ನಾನು.

ಜುಲೈ 7, ಬೆಳಿಗ್ಗೆ 8

ಹತ್ತಕ್ಕೆ ಸಂದರ್ಶನ. ಹೆಂಡತಿಯೇ ಸಮಿತಿಯಾಗಿ ಎದುರು ಕೂತು ತಾಲೀಮು ನಡೆಸಿದಳು.

"ಆ ಏಳನೇ ಪುಟ ಮೊದಲ ಸಲ ಓದಿದಾಗ ಏನನ್ನಿಸ್ತು?"

"ಸತ್ಯಕ್ಕೆ ತಲೆಬಾಗಿದೆ."

"ಯಾವಾಗ?"

"ಏಪ್ರಿಲ್‌ನಲ್ಲಿ."

"ಮತ್ತೆ ಲ್ಯಾಬಿಗೆ ಓಡಿದ್ದು ಜೂನ್‌ನಲ್ಲಲ್ವಾ?" ಮುಖ ನೋಡಿದಳು. ಕ್ಲಿನಿಕ್ಕಿನ ದನಿಯಲ್ಲಿ ಹೇಳಿದಳು: "ಎಲ್ಲಿ, ಬಾಯಿ ತೆಗೀರಿ."

ತೆಗೆದೆ. ಎಲ್ಲ ಹೊರಬಂತು. ಅಲ್ಲೂ ಹೇಳುತ್ತೇನೆ, ನಿರ್ಧರಿಸಿಯಾಗಿದೆ. ಅದಕ್ಕೆ ಮೊದಲು ಇಲ್ಲಿ ಬರೆದು ಕೈ ಪಳಗಿಸಿಕೊಳ್ಳುತ್ತಿದ್ದೇನೆ. ಏಪ್ರಿಲ್‌ನಲ್ಲಿ ನಾನು ಓದಿದ್ದು ಕೊನೆಯ ಪುಟದ ಉಲ್ಲೇಖಪಟ್ಟಿಯೊಂದೇ. ಅದೂ ಮೂವತ್ತೊಂದರವರೆಗೆ. ಏಳನೇ ಪುಟ ಕಂಡದ್ದು ಜೂನ್‌ನಲ್ಲಿ, ಎಲ್ಲರ ಜೊತೆ, ಬಾಯಲ್ಲಿ ಕೇಕ್ ಇಟ್ಟುಕೊಂಡು —