ಗೋರಿಯ ಮೇಲೆ ಅಮ್ಮನ ನಿದ್ದೆ

ಫೆಬ್ರವರಿ ೧೧, ಇಫೆರುವಾನ್

ಪ್ರವಾಸಿಗರ ಎದುರಿಗೇ ಅಮ್ಮನಿಗೆ ಬೈದೆ. ಅದೇ ಕೊರೆಯುತ್ತಿದೆ.

ಹಳೆಯ ಕಲ್ಲುಗೋರಿಗಳನ್ನು ತೋರಿಸಲು ಇಬ್ಬರನ್ನು ಕರೆದುಕೊಂಡು ಹೋಗಿದ್ದೆ. ದೊಡ್ಡ ಗೋರಿಯ ಮೇಲೆ ಅಮ್ಮ ಮುಸುಕೆಳೆದು ಮಲಗಿದ್ದಳು. ಹಾಗೆ ಗೋರಿಯ ಮೇಲೆ ಮಲಗಿದರೆ ದೂರ ಹೋದವರ ಸುದ್ದಿಯನ್ನು ಸತ್ತ ಹಿರಿಯರು ಕನಸಿನಲ್ಲಿ ಹೇಳುತ್ತಾರಂತೆ. ಅಣ್ಣ ಅತ್ತಾಹೆರ್ ಮರುಭೂಮಿ ದಾಟಿ ಚಿನ್ನ ಅಗೆಯಲು ಹೋಗಿ ನಾಲ್ಕು ತಿಂಗಳಾಯಿತು. ಪ್ರವಾಸಿಗರು ಅಮ್ಮನ ಫೋಟೊ ತೆಗೆಯತೊಡಗಿದಾಗ ನನಗೆ ರೇಗಿತು.

"ಏಳಮ್ಮ. ಕಲ್ಲು ಎಲ್ಲಾದ್ರೂ ಮಾತಾಡುತ್ತಾ?"

"ನಿನ್ನ ಕರಪತ್ರ ಮಾತಾಡುತ್ತಲ್ಲಪ್ಪ, ಪಂಡಿತ. ಅದನ್ನೇ ಕೇಳು, ನಿಮ್ಮಣ್ಣ ಎಲ್ಲಿದಾನೆ ಅಂತ."

ಊರಲ್ಲಿ ನಾನು ಹಂಚುವ ಹೋರಾಟದ ಕರಪತ್ರದಲ್ಲಿ ಜನರಿಂದ ಸತ್ಯ ಮುಚ್ಚಿಡುವವನು ದ್ರೋಹಿ ಎಂಬ ಸಾಲಿನ ಕೆಳಗೆ ಎರಡು ಗೆರೆ ಎಳೆದವನು ನಾನೇ. ಕಳೆದ ವಾರ ಲಾರಿ ಓಡಿಸುವ ಘುಮೂರ್ ಬಂದು, ಅಣ್ಣನನ್ನು ಮರಳಿನಲ್ಲಿ ಹೂತೆವೆಂದು ಹೇಳಿ, ಅವನ ತಾಯಿತವನ್ನು ನನ್ನ ಕೈಗಿಟ್ಟು ಹೋದ. ಅದು ಈ ಕರಪತ್ರಗಳ ಅಡಿಯಲ್ಲೇ ಇದೆ.

ಅಮ್ಮ ಮುಸುಕಿನ ಮರಳು ಕೊಡವಿ ಎದ್ದಳು.

"ಹಿರಿಯರು ಇವತ್ತೂ ಬಾಯಿ ಬಿಡಲಿಲ್ಲ. ನೀನೂ ಒಂದು ವಾರದಿಂದ ಬಿಟ್ಟಿಲ್ಲ."

ದಿನವೂ ಚಹಾಕ್ಕೆ ಅಣ್ಣನದೂ ಸೇರಿ ಮೂರು ಲೋಟ ಇಡುತ್ತಿದ್ದವಳು ಸಂಜೆ ಎರಡೇ ಇಟ್ಟಳು. ನಾನು ಕುಡಿದೆ. ಇನ್ನೂ ಹೇಳಿಲ್ಲ. ಬಾಗಿಲಾಚೆ ಅವಳಿಗೂ ನಿದ್ದೆಯಿಲ್ಲ. ನನ್ನ ದೀಪ ಉರಿಯುವುದು ಅವಳಿಗೆ ಕಾಣುತ್ತಿರಬೇಕು, ಆದರೂ ಕರೆಯುತ್ತಿಲ್ಲ. ತಾಯಿತ ಹಿಡಿದು ನಾನೇ ಎದ್ದು ಹೋಗುತ್ತೇನೆ.